ಬೀಗ ತೆರೆದ ಕಪಾಟು: ಗಡಿನಾಡ ಹೈಸ್ಕೂಲು ಮತ್ತು ಅದರ ಗ್ರಂಥಾಲಯ

(ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಟಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯ ಬಗೆಗೋ ಒಬ್ಬ ಶರಣರ ಬಗೆಗೋ ಮಾತಾಡುವುದು ರೂಢಿ. ಅದಕ್ಕೆ ಈ ನೆಲದಲ್ಲಿ ಕೊರತೆಯಿಲ್ಲ. ಇದು ಗುಡ್ಡಾಪುರದ ದಾನಮ್ಮನ ಸೀಮೆ. ಪಕ್ಕದ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾಗಿಯೇ ಜಮಖಂಡಿಯ ಗುರುದೇವ ರಾನಡೆಯವರು ಬೆಳೆದದ್ದು. ಇವರಲ್ಲಿ ಯಾರ ಮೇಲಾದರೂ ಒಂದು ತಾಸು ಮಾತಾಡಬಹುದಿತ್ತು. ನಾನು ಆರಿಸಿಕೊಂಡದ್ದು ಹೈಸ್ಕೂಲಿನ ಗ್ರಂಥಾಲಯವನ್ನು. ಜತ್ತ ತಾಲ್ಲೂಕಿನ ಕನ್ನಡ ಮಗುವಿನ ಇವತ್ತಿನ ಅಗತ್ಯ ಯಾವುದು ಎಂದು ಯೋಚಿಸಿದಾಗ ನನಗೆ ಮೊದಲು ಕಂಡದ್ದು ಅದೇ.

ಕರ್ನಾಟಕ, ಮಹಾರಾಷ್ಟ್ರಗಳ ನಡುವಿನ ಗಡಿ ಎಲ್ಲಿರಬೇಕೆಂಬ ವಾದ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. 2022ರ ನವೆಂಬರಿನಲ್ಲಿ ನೀರಿನ ಪ್ರಶ್ನೆಯಿಂದಾಗಿ ಜತ್ತದ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನವೂ ಬಂತು. ಆ ವಾದ ನಡೆಯಲಿ, ತೀರ್ಪು ಬರುವಾಗ ಬರಲಿ. ಮಗು ಮಾತ್ರ ತೀರ್ಪಿಗೆ ಕಾಯುವುದಿಲ್ಲ. ಅದು ಬರುವ ಜೂನಿನಲ್ಲಿ ಒಂಬತ್ತನೆಯ ಇಯತ್ತೆಗೆ ಬಂದು ಕೂಡುತ್ತದೆ, ಎರಡು ವರ್ಷದಲ್ಲಿ ಎಸ್‌ಎಸ್‌ಸಿ ಪರೀಕ್ಷೆ ಬರೆದು ಹೊರಟುಹೋಗುತ್ತದೆ. ಆ ಎರಡು ವರ್ಷಗಳಲ್ಲಿ ಅದರ ಕೈಗೆ ಏನು ಸಿಕ್ಕಿತು ಎಂಬುದು ನಮ್ಮ ಹೊಣೆ.

ಈ ಮಗುವಿನ ಪರಿಸ್ಥಿತಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಬರುತ್ತದೆ. 1967ರಲ್ಲಿ ಶುರುವಾದ ಆ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡ, ಉರ್ದು, ಗುಜರಾತಿ, ತೆಲುಗು ಮುಂತಾದ ಭಾಷೆಗಳಲ್ಲೂ ಪುಸ್ತಕ ಅಚ್ಚು ಮಾಡುತ್ತ ಬಂದಿದೆ. ಅದು ದೊಡ್ಡ ಕೆಲಸ, ಅದಕ್ಕೆ ಋಣಿಯಾಗಿರಬೇಕು. ಆದರೆ ಪಠ್ಯಪುಸ್ತಕದ ಸುತ್ತ ಇರಬೇಕಾದ ಉಳಿದ ಓದು ಎಲ್ಲಿಂದ ಬರಬೇಕು? ವಿಜಯಪುರದ ಅಂಗಡಿಯಲ್ಲಿ ಸಿಗುವ ಕನ್ನಡ ಗೈಡು ಕರ್ನಾಟಕದ ಪಠ್ಯಕ್ರಮದ್ದು, ಕೊಲ್ಹಾಪುರ ವಿಭಾಗೀಯ ಮಂಡಳಿಯ ಪರೀಕ್ಷೆ ಬರೆಯುವವರಿಗೆ ಅದು ಹೊಂದುವುದಿಲ್ಲ. ಸಾಂಗಲಿಯಲ್ಲಿ ಸಿಗುವ ಗೈಡು ಪಠ್ಯಕ್ಕೆ ಹೊಂದುತ್ತದೆ, ಅದು ಮರಾಠಿಯಲ್ಲಿದೆ. ಹೀಗೆ ನಮ್ಮ ಮಗು ಎರಡೂ ಕಡೆಯ ಪೇಟೆಗೆ ಬೇಡವಾದ ಗಿರಾಕಿ. ಗಿರಾಕಿ ಕಡಿಮೆ ಇದ್ದಲ್ಲಿ ಪ್ರಕಾಶಕ ಬರುವುದಿಲ್ಲ, ಅಂಗಡಿಕಾರ ತರಿಸುವುದಿಲ್ಲ. ಪೇಟೆ ಕೈಬಿಟ್ಟದ್ದನ್ನು ಶಾಲೆಯೇ ತುಂಬಿಕೊಡಬೇಕು. ಬೆಂಗಳೂರಿನ ಶಾಲೆಗೆ ಗ್ರಂಥಾಲಯ ಇಲ್ಲದಿದ್ದರೂ ಬೀದಿಯ ತುದಿಯಲ್ಲೊಂದು ಪುಸ್ತಕದಂಗಡಿ ಸಿಕ್ಕೀತು. ಉಟಗಿಯಂಥ ಊರಿನ ಮಗುವಿಗೆ ಶಾಲೆಯ ಕಪಾಟು ಬಿಟ್ಟರೆ ಬೇರೆ ದಾರಿಯಿಲ್ಲ.

ಓದಿನ ಸ್ಥಿತಿ ಹೇಗಿದೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 2023ರ ‘ಅಸರ್’ ಸಮೀಕ್ಷೆ ದೇಶದ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನ ಹುಡುಗ ಹುಡುಗಿಯರನ್ನು ಕಂಡು ಓದಿಸಿ ನೋಡಿತು. ನೂರರಲ್ಲಿ ಸುಮಾರು 25 ಜನಕ್ಕೆ ತಮ್ಮದೇ ಭಾಷೆಯ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಹೈಸ್ಕೂಲಿನ ವಯಸ್ಸಿನವರ ಮಾತು ಇದು. ಓದಲು ಬಾರದ ಮಗುವಿಗೆ ವಿಜ್ಞಾನದ ಪ್ರಶ್ನೆ ಅರ್ಥವಾಗುವುದಿಲ್ಲ, ಗಣಿತದ ಲೆಕ್ಕದ ಮಾತೂ ಅರ್ಥವಾಗುವುದಿಲ್ಲ. ಪಾಠ ಮತ್ತೆ ಮತ್ತೆ ಹೇಳಿದರೆ ಇದು ಸರಿಹೋಗುವುದಿಲ್ಲ. ಓದಿನ ಸರಾಗ ಬರುವುದು ಸುಲಭದ, ಸವಿಯಾದ ಪುಸ್ತಕಗಳನ್ನು ಬಹಳಷ್ಟು ಓದುವುದರಿಂದ. ಹತ್ತನೆಯವರಿಗೆ ಕತೆಪುಸ್ತಕ ಯಾಕೆ ಎಂದು ಕೇಳುವ ಪಾಲಕರಿಗೆ ನನ್ನ ಉತ್ತರ ಇಷ್ಟೇ: ಪರೀಕ್ಷೆಗಾಗಿಯೇ ಬೇಕು.

ಈ ಗಡಿಯಲ್ಲಿ ಪುಸ್ತಕ ಏನು ಮಾಡಬಲ್ಲದು ಎಂಬುದಕ್ಕೆ ದೂರದ ಉದಾಹರಣೆ ಬೇಡ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ 1912ರಲ್ಲಿ ಹುಟ್ಟಿದವರು. ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸ್ವಂತ ಓದಿನಿಂದ ಸಂಪಾದಿಸಿಕೊಂಡರು. ಸಿದ್ಧರಾಮರ ಮೇಲೆ ಕನ್ನಡದಲ್ಲಿ ಮಹಾಕಾವ್ಯ ಬರೆದರು, ವಚನಗಳನ್ನು ಮರಾಠಿಗೆ ಒಯ್ದರು. 1974ರಲ್ಲಿ ಮಂಡ್ಯದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಶಾಲೆ ಕೊಡದ ಭಾಷೆಯನ್ನು ಪುಸ್ತಕ ಕೊಟ್ಟಿತು. ಆದರೆ ಜಯದೇವಿತಾಯಿಯವರದು ಅನುಕೂಲಸ್ಥ ಮನೆತನ, ಪುಸ್ತಕ ಮನೆಗೇ ಬರುತ್ತಿತ್ತು. ಕೊಯ್ತಾ ಹಿಡಿದು ಕಬ್ಬು ಕಡಿಯಲು ಹೋಗುವವರ ಮಗಳ ಮನೆಗೆ ಪುಸ್ತಕ ಯಾರು ತರಬೇಕು?

ಇನ್ನೊಂದು ಉದಾಹರಣೆ ಮತ್ತೂ ಹತ್ತಿರದ್ದು. ಗಡಿ ದಾಟಿದರೆ ಚಡಚಣ, ಅದೇ ಸೀಮೆಯಲ್ಲಿ ಹಲಸಂಗಿ. ಅಲ್ಲಿಯ ಮಧುರಚೆನ್ನರು ಮುಲ್ಕಿ ಪರೀಕ್ಷೆಯ ಆಚೆ ಶಾಲೆ ಕಾಣಲಿಲ್ಲ, ಇಂಗ್ಲಿಷನ್ನು ತಾವೇ ಓದಿ ಕಲಿತರು. ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ಇವರೂ ಧೂಲಾಸಾಹೇಬರೂ ಕಾಪಸೆ ರೇವಪ್ಪನವರೂ ಕೂಡಿ ಊರಲ್ಲೇ ವಾಚನಾಲಯ ನಡೆಸಿದರು, ಪುಸ್ತಕ ತರಿಸಿದರು, ಓದಿದರು, ವಾದ ಮಾಡಿದರು. ಆ ಓದಿನಿಂದ ಬಂದ ಕಣ್ಣಿನಿಂದಲೇ ಬೀಸುಕಲ್ಲಿನ ಮುಂದೆ ಕೂತ ತಾಯಂದಿರ ಹಾಡು ಎಂಥ ಸಂಪತ್ತು ಎಂಬುದು ಅವರಿಗೆ ಕಂಡಿತು. ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಹೀಗೆ ಬಂದವು. ಹೈಸ್ಕೂಲೇ ಇಲ್ಲದ ಹಳ್ಳಿಯ ತರುಣರಿಗೆ ವಾಚನಾಲಯವೇ ಹೈಸ್ಕೂಲಾಯಿತು, ಕಾಲೇಜೂ ಆಯಿತು. ಇವತ್ತು ನಮ್ಮ ಊರುಗಳಿಗೆ ಹೈಸ್ಕೂಲು ಬಂದಿದೆ, ವಾಚನಾಲಯ ಹಿಂದೆ ಉಳಿದಿದೆ.

ಕಾನೂನು ಏನನ್ನುತ್ತದೆ ಎಂದು ಕೇಳಬಹುದು. ಸಾರ್ವಜನಿಕ ಗ್ರಂಥಾಲಯಕ್ಕೆ ಕಾಯ್ದೆ ಮಾಡುವುದರಲ್ಲಿ ನಮ್ಮ ಈ ದಕ್ಷಿಣ ಮಹಾರಾಷ್ಟ್ರ ಹಿಂದೆ ಬಿದ್ದದ್ದಲ್ಲ. ಕೊಲ್ಹಾಪುರ ಸಂಸ್ಥಾನ 1945ರಲ್ಲೇ ಕಾಯ್ದೆ ಮಾಡಿತು, ಮದ್ರಾಸಿನ ಕಾಯ್ದೆಗಿಂತ ಮೂರು ವರ್ಷ ಮೊದಲು. ಕರ್ನಾಟಕದ್ದು 1965, ಮಹಾರಾಷ್ಟ್ರದ್ದು 1967. ಕರ್ನಾಟಕದಲ್ಲಿ ಗ್ರಂಥಾಲಯಕ್ಕೆಂದೇ ಕರ ಇದೆ. ಇಲ್ಲಿ ಕರ ಇಲ್ಲ, ಅ, ಬ, ಕ, ಡ ಎಂದು ವರ್ಗ ಮಾಡಿ ಅನುದಾನ ಕೊಡುತ್ತಾರೆ. ಇವೆಲ್ಲ ಊರ ಗ್ರಂಥಾಲಯದ ಮಾತಾಯಿತು. ಶಾಲೆಯ ಗ್ರಂಥಾಲಯಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ನಿಯತಕಾಲಿಕ, ಕತೆಪುಸ್ತಕ ಇರಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಆ ಹಕ್ಕು ಎಂಟನೆಯ ಇಯತ್ತೆಗೆ ಮುಗಿಯುತ್ತದೆ. ಒಂಬತ್ತಕ್ಕೆ ಬಂದ ಮಗುವಿಗೆ ಕಾನೂನಿನ ಬಲವಿಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ 2018ರಿಂದ ಗ್ರಂಥಾಲಯಕ್ಕೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನವಿದೆ, ಅದು ಸರಕಾರಿ ಶಾಲೆಗಳಿಗೆ. ಹಳ್ಳಿಯ ಹೈಸ್ಕೂಲು ಖಾಸಗಿ ಸಂಸ್ಥೆಯದಾಗಿದ್ದರೆ ಆ ಹಣ ಅದರ ಬಾಗಿಲಿಗೆ ಬರುವುದಿಲ್ಲ. ಗ್ರಂಥಪಾಲರ ಹುದ್ದೆಯನ್ನೂ ಮಕ್ಕಳ ಸಂಖ್ಯೆಗೆ ಕಟ್ಟಿದ್ದಾರೆ, ಸಣ್ಣ ಊರಿನ ಶಾಲೆ ಆ ಸಂಖ್ಯೆ ಮುಟ್ಟುವುದು ಕಷ್ಟ. ಓದಿನ ಹಸಿವು ಅತಿ ಹೆಚ್ಚಿರುವ ವಯಸ್ಸಿನಲ್ಲಿಯೇ ಸರಕಾರದ ಕೈ ಹಿಂದೆ ಸರಿಯುತ್ತದೆ. ಇದು ತಪ್ಪು ನೀತಿ. ಇದನ್ನು ಬದಲಿಸಿರೆಂದು ಕೇಳಲೇಬೇಕು.

ಆದರೆ ಬದಲಾಗುವವರೆಗೆ ಸುಮ್ಮನೆ ಕೂಡುವ ಕಾರಣವಿಲ್ಲ. ಪುಸ್ತಕವೇ ಇಲ್ಲದ ಶಾಲೆ ಕಡಿಮೆ. ಪುಸ್ತಕ ಇದೆ, ಕಪಾಟು ಇದೆ, ಕಪಾಟಿಗೆ ಬೀಗ ಇದೆ. ಆ ಬೀಗದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ನಮ್ಮ ಗ್ರಂಥಾಲಯಗಳ ನಿಜವಾದ ರೋಗ ಅಲ್ಲಿದೆ.

ಕಪಾಟು ಸಾಮಾನ್ಯವಾಗಿ ಮುಖ್ಯಾಧ್ಯಾಪಕರ ಕೋಣೆಯಲ್ಲಿರುತ್ತದೆ. ಹಸಿರು ಬಣ್ಣದ ಕಬ್ಬಿಣದ ಬಾಗಿಲು, ಒಳಗೆ ಕಂದು ಕಾಗದ ಹೊದಿಸಿದ ಪುಸ್ತಕಗಳು, ಬೆನ್ನಿನ ಮೇಲೆ ಅಂಕಿ ಬರೆದ ಚೀಟಿ. ಹೊದಿಕೆ ಹಾಕಿದ್ದರಿಂದ ಮುಖಪುಟ ಕಾಣುವುದಿಲ್ಲ, ಯಾವ ಪುಸ್ತಕ ಯಾವುದೆಂದು ಮಗುವಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ದಾಖಲಾತಿ ವಹಿ. ಗ್ರಂಥಾಲಯದ ಹೊಣೆ ಒಬ್ಬ ಮಾಸ್ತರರ ಹೆಸರಿಗೆ ಇರುತ್ತದೆ. ಅವರು ವಾರಕ್ಕೆ ಮೂವತ್ತು ತಾಸು ಪಾಠ ಮಾಡಿ, ಸರಕಾರ ಕೇಳಿದ ಆನ್‌ಲೈನ್ ಮಾಹಿತಿಯನ್ನೆಲ್ಲ ತುಂಬಿ, ಉಳಿದ ಹೊತ್ತಿನಲ್ಲಿ ಇದನ್ನು ನೋಡಬೇಕು. ಅವರ ಮನಸ್ಸಿನಲ್ಲಿ ಒಂದು ಭಯ: ಪುಸ್ತಕ ಕಳೆದರೆ ಲೆಕ್ಕಪರಿಶೋಧನೆಯಲ್ಲಿ ನನ್ನ ಪಗಾರಿನಿಂದ ಕಡಿಯುತ್ತಾರೆ. ಹೀಗಾಗಿ ಬಾಗಿಲು ತೆರೆಯದಿರುವುದೇ ಕ್ಷೇಮ. ವರ್ಷಗಳ ಮೇಲೆ ವರ್ಷ ವಹಿಯಲ್ಲಿ ಎಲ್ಲ ಪುಸ್ತಕ ಸರಿಯಾಗಿವೆ, ಓದಿದವರು ಯಾರೂ ಇಲ್ಲ. ಇಂಥ ಮಾಸ್ತರರನ್ನು ದೂರುವುದು ಅನ್ಯಾಯ. ಅವರ ಭಯವನ್ನು ತೆಗೆಯಬೇಕಾದವರು ಆಡಳಿತ ಮಂಡಳಿಯವರು.

ಅದಕ್ಕೆ ಆಧಾರವೂ ಇದೆ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಪುಸ್ತಕಗಳ ಬಗ್ಗೆ ಒಂದು ನಿಯಮವಿದೆ. ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ವರ್ಷದಲ್ಲಿ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ ಅಥವಾ ಬೇಜವಾಬ್ದಾರಿ ಇಲ್ಲದಿದ್ದರೆ ಸಾಕು ಎಂಬುದು ಅದರ ಸಾರಾಂಶ. ದೆಹಲಿಯ ಹಣಕಾಸು ಇಲಾಖೆಯೇ ಪುಸ್ತಕ ಕಳೆಯುವುದು ಓದಿನ ಲಕ್ಷಣವೆಂದು ಒಪ್ಪಿಕೊಂಡಿರುವಾಗ, ನಮ್ಮ ಸಂಸ್ಥೆಗಳು ಒಂದು ಠರಾವು ಮಾಡಿ ಇದೇ ಮಾತನ್ನು ತಮ್ಮ ವಹಿಯಲ್ಲಿ ಬರೆಯಬಹುದು. ‘ವರ್ಷಕ್ಕೆ ಇಷ್ಟು ಪುಸ್ತಕ ಕಳೆದರೆ, ಹರಿದರೆ, ಮಾಸ್ತರರು ಹೊಣೆಯಲ್ಲ’ ಎಂಬ ಒಂದೇ ಠರಾವು ಸಾವಿರ ರೂಪಾಯಿ ಅನುದಾನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ವರ್ಷದ ಕೊನೆಗೆ ಹರಿದ ಪುಸ್ತಕ ಕಂಡರೆ ನಾನು ಸಂತೋಷಪಡುತ್ತೇನೆ.

ಹಾಗಾದರೆ ಕೀಲಿ ಯಾರ ಕೈಯಲ್ಲಿರಬೇಕು? ಮಕ್ಕಳ ಕೈಯಲ್ಲಿ. ಒಂಬತ್ತನೆಯ ಇಯತ್ತೆಯಿಂದ ನಾಲ್ವರನ್ನು ಆರಿಸಿ, ಅದರಲ್ಲಿ ಇಬ್ಬರು ಹುಡುಗಿಯರಿರಲಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ವಹಿ ಬರೆಯುವುದು ಅವರೇ ಮಾಡಲಿ. ಕಂದು ಹೊದಿಕೆ ತೆಗೆದುಹಾಕಿ, ಪುಸ್ತಕಗಳನ್ನು ವರ್ಗದ ಕೋಣೆಗೇ ಒಯ್ದು ಹಗ್ಗದ ಮೇಲೆ ತೂಗಿಹಾಕಿ, ಮುಖಪುಟ ಕಾಣಲಿ. ಮಧ್ಯಾಹ್ನದ ಸುಟ್ಟಿಯಲ್ಲಿ ಅರ್ಧ ತಾಸು ಕಪಾಟು ತೆರೆದಿರಲಿ. ವೇಳಾಪಟ್ಟಿಯಲ್ಲಿ ಗ್ರಂಥಾಲಯದ ತಾಸು ಎಂದು ಬರೆದು ಅದನ್ನು ಗಣಿತದ ಪುನರಾವರ್ತನೆಗೆ ಕೊಟ್ಟುಬಿಡುವ ಅಭ್ಯಾಸ ನಿಲ್ಲಲಿ.

ಯಾವ ಪುಸ್ತಕ ಎಂಬ ಪ್ರಶ್ನೆಗೆ ಬರುತ್ತೇನೆ. ಕನ್ನಡ ಶಾಲೆಯ ಗ್ರಂಥಾಲಯದಲ್ಲಿ ಕನ್ನಡ ಮಾತ್ರ ಇರಬೇಕೆಂಬ ಅಭಿಮಾನ ನನಗಿಲ್ಲ. ಕನ್ನಡ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಶಿವರಾಮ ಕಾರಂತರ ‘ಬಾಲ ಪ್ರಪಂಚ’, ನಿರಂಜನರು ಸಂಪಾದಿಸಿದ ಏಳು ಸಂಪುಟದ ‘ಜ್ಞಾನಗಂಗೋತ್ರಿ’, ಭಾರತ-ಭಾರತಿ ಮಾಲೆಯ ಐದುನೂರಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕ, ತೇಜಸ್ವಿಯವರ ‘ಪರಿಸರದ ಕತೆ’ ಮತ್ತು ‘ಕರ್ವಾಲೊ’. ಹಳೆಯ ವಿಶ್ವಕೋಶಗಳ ವಿಜ್ಞಾನ ಕೆಲವೆಡೆ ಹಿಂದೆ ಬಿದ್ದಿದೆ, ಅವನ್ನು ಓದಿನ ರುಚಿಗಾಗಿ ಇಡಿ, ಹೊಸ ಮಾಹಿತಿಗೆ ಹೊಸ ಪುಸ್ತಕ ತನ್ನಿ.

ಇವುಗಳ ಪಕ್ಕದಲ್ಲೇ ಮರಾಠಿ ಇರಲಿ. ಬಾಲಭಾರತಿಯ ‘ಕಿಶೋರ’ ಮಾಸಿಕ 1971ರಿಂದ ಬರುತ್ತಿದೆ, ಬೆಲೆ ಕಡಿಮೆ, ಗುಣ ಹೆಚ್ಚು. ವ್ಯಂಕಟೇಶ ಮಾಡಗೂಳಕರರ ‘ಬನಗರವಾಡಿ’ ನಮ್ಮದೇ ಜಿಲ್ಲೆಯ ಆಟಪಾಡಿ ಸೀಮೆಯ ಲೇಖಕರ ಕಾದಂಬರಿ. ಕುರುಬರ ಪುಟ್ಟ ವಾಡಿಗೆ ಬಂದ ಎಳೆಯ ಮಾಸ್ತರನ ಕತೆ, ಬರ ಬಿದ್ದು ವಾಡಿ ಖಾಲಿಯಾಗುವ ಕತೆ. ಜತ್ತದ ಮಗು ಅದನ್ನು ಓದಿದರೆ ತನ್ನೂರಿನ ಬರವನ್ನೇ ಓದಿದಂತಾಗುತ್ತದೆ. ವಾಟೇಗಾವದ ಅಣ್ಣಾಭಾವೂ ಸಾಠೆಯವರೂ ಸಾಂಗಲಿ ಜಿಲ್ಲೆಯವರೇ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದೆ ‘ಫಕೀರಾ’ ಬರೆದವರು. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಸೊಲ್ಲಾಪುರದ ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದರು. ಈ ಸೀಮೆಯಲ್ಲಿ ಎರಡು ಭಾಷೆ ಬಲ್ಲವನಿಗೆ ಯಾವತ್ತೂ ನಷ್ಟವಾಗಿಲ್ಲ.

ಮರಾಠಿ, ಇಂಗ್ಲಿಷ್ ಪುಸ್ತಕ ಬೇಕೆನ್ನಲು ಇನ್ನೊಂದು ಗಟ್ಟಿ ಕಾರಣವಿದೆ. ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಹನ್ನೊಂದಕ್ಕೆ ಹೋದ ಮೊದಲ ದಿನವೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳುತ್ತದೆ. ಕಲಾ ಶಾಖೆಗೆ ಹೋದರೆ ಮರಾಠಿಯಲ್ಲಿ. ಬಲ್ಲ ವಿಷಯವೇ ಗೊತ್ತಿಲ್ಲದಂತೆ ತೋರುತ್ತದೆ. ಜಾಣ ಮಕ್ಕಳು ದೀಪಾವಳಿಯ ಹೊತ್ತಿಗೆ ಪುಸ್ತಕ ಮುಚ್ಚುವುದು ಇಲ್ಲಿಯೇ. ಹೆಣ್ಣುಮಕ್ಕಳಾದರೆ ಮನೆಯವರು ಮದುವೆಯ ಮಾತು ತೆಗೆಯುವುದೂ ಆಗಲೇ. ಈ ಕಂದರಕ್ಕೆ ಸೇತುವೆ ಹೈಸ್ಕೂಲಿನ ಗ್ರಂಥಾಲಯದಲ್ಲಿ ಕಟ್ಟಬೇಕು. ಹತ್ತನೆಯ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ, ಹನ್ನೊಂದು ಶುರುವಾಗುವುದು ಮಳೆಗಾಲದಲ್ಲಿ. ನಡುವಿನ ಆ ತಿಂಗಳುಗಳು ವ್ಯರ್ಥವಾಗಿ ಹೋಗುತ್ತವೆ. ಆ ಬಿಡುವಿನಲ್ಲಿ ಕಪಾಟು ತೆರೆದಿಟ್ಟು, ಅದೇ ಒಂಬತ್ತು, ಹತ್ತನೆಯ ವಿಜ್ಞಾನದ ಇಂಗ್ಲಿಷ್ ಆವೃತ್ತಿಯನ್ನು ಮಕ್ಕಳ ಕೈಗೆ ಕೊಡಿ. ಬಲ್ಲ ಪಾಠವನ್ನೇ ಬೇರೆ ಭಾಷೆಯಲ್ಲಿ ಓದುವಾಗ ಅರ್ಥ ಮೊದಲೇ ಗೊತ್ತಿರುತ್ತದೆ, ಪದ ಮಾತ್ರ ಕಲಿಯಬೇಕು. ಬಾಲಭಾರತಿಯ ಜಾಲತಾಣದಲ್ಲಿ ಈ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿ ಇಟ್ಟರೂ ಆಯಿತು.

ಇದೇ ಗ್ರಂಥಾಲಯದ ಗೋಡೆಯ ಮೇಲೆ ಒಂದು ಮಾಹಿತಿ ಫಲಕ ಬೇಕು. ಕರ್ನಾಟಕದ ಸಿಇಟಿ ಮಾಹಿತಿ ಪುಸ್ತಿಕೆಯಲ್ಲಿ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡ ಮಾತೃಭಾಷೆಯ ಅಭ್ಯರ್ಥಿಗಳು ಕೆಲವು ಷರತ್ತುಗಳ ಮೇಲೆ ಅರ್ಜಿ ಹಾಕುವುದಕ್ಕೆ ಬೇರೆಯೇ ಒಂದು ಕಲಮು ಇದೆ. ವೃತ್ತಿಶಿಕ್ಷಣದ ಬಾಗಿಲು ಅದು. ಎಷ್ಟು ಮನೆಗಳಿಗೆ ಇದು ಗೊತ್ತು? ಪ್ರತಿ ವರ್ಷದ ಹೊಸ ಪುಸ್ತಿಕೆ ತರಿಸಿ, ಆ ಪುಟವನ್ನು ಗೋಡೆಗೆ ಅಂಟಿಸಿ. ಶಿಷ್ಯವೇತನದ ಪ್ರಕಟಣೆಗಳೂ ಅಲ್ಲಿಯೇ ಇರಲಿ. ಊರ ತಂದೆತಾಯಿಗೆ ಕೇಳಲು ಜಾಗ ಗೊತ್ತಾಗುತ್ತದೆ.

ದೀಪಾವಳಿ ಮುಗಿದ ಮೇಲೆ ಈ ಸೀಮೆಯ ಎಷ್ಟೋ ಕುಟುಂಬಗಳು ಕಬ್ಬಿನ ಹಂಗಾಮಿಗೆ ಹೊರಡುತ್ತವೆ. ದೊಡ್ಡ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಅಥವಾ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಜೊತೆಗೇ ಹೋಗುತ್ತಾರೆ. ಹೋಗುವ ಮಗುವಿನ ಚೀಲದಲ್ಲಿ ಐದು ಪುಸ್ತಕ ಹಾಕಿ ಕಳಿಸಿ, ಮಾರ್ಚಿನಲ್ಲಿ ತಂದರಾಯಿತು. ಇದೇನೂ ಹೊಸತಲ್ಲ, ನೂರು ವರ್ಷದ ಹಿಂದೆಯೇ ಬರೋಡಾದ ಸಯಾಜಿರಾವ್ ಮಹಾರಾಜರು ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುತ್ತಿದ್ದರು. ಉಳಿಯುವ ಮಗುವಿಗೆ ಸಂಜೆ ಬೆಳಕಿರುವ ಒಂದು ಕೋಣೆ ಬೇಕು. ನಮ್ಮ ಜಿಲ್ಲೆಯದೇ ಕಡೇಗಾವ ತಾಲ್ಲೂಕಿನ ಮೋಹಿತ್ಯಾಂಚೆ ವಡಗಾವದಲ್ಲಿ ಸಂಜೆ ಏಳಕ್ಕೆ ಭೋಂಗಾ (ಸೈರನ್) ಊದುತ್ತದೆ. ಒಂದೂವರೆ ತಾಸು ಊರಿನ ಟಿವಿ, ಮೊಬೈಲು ಬಂದ್, ಮಕ್ಕಳು ಓದಲು ಕೂಡುತ್ತಾರೆ. ಊರು ಕೂಡಿ ಮಾಡಿದ ನಿರ್ಧಾರ ಅದು. ಕರ್ನಾಟಕದ ಕಡೆ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಎರಡೂ ಕಡೆಯ ಒಳ್ಳೆಯದನ್ನು ನಾವು ತೆಗೆದುಕೊಳ್ಳಬಹುದು, ಗಡಿಯಲ್ಲಿರುವವರಿಗೆ ಅಷ್ಟು ಅನುಕೂಲವಾದರೂ ಇರಲಿ.

ಕೊನೆಗೆ ಹಣದ ಮಾತು, ಇದು ದತ್ತಿ ಉಪನ್ಯಾಸವಾದ್ದರಿಂದ ತಪ್ಪಿಸುವಂತಿಲ್ಲ. ಭಾರತದ ಗ್ರಂಥಾಲಯ ಶಾಸ್ತ್ರದ ಹಿರಿಯ ಎಸ್.ಆರ್. ರಂಗನಾಥನ್ ಗಣಿತದ ಮಾಸ್ತರರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಓದುಗರು ಕಪಾಟಿನವರೆಗೆ ಹೋಗಿ ಪುಸ್ತಕ ಮುಟ್ಟುವಂತೆ ಮಾಡಿದರು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಅವರ ಐದು ಸೂತ್ರಗಳಲ್ಲಿ ಮೊದಲನೆಯದು. ತಮ್ಮ ಉಳಿತಾಯದ ಹಣವನ್ನು ಹೆಂಡತಿ ಶಾರದಾ ಅವರ ಹೆಸರಿನಲ್ಲಿ ದತ್ತಿಯಾಗಿಟ್ಟರು. ನಮ್ಮಲ್ಲಿಯೂ ಯಾರಾದರೂ ಒಂದು ಲಕ್ಷ ರೂಪಾಯಿ ದತ್ತಿ ಇಟ್ಟರೆ ಇಂದಿನ ಬಡ್ಡಿಯಲ್ಲಿ ವರ್ಷಕ್ಕೆ ಆರೇಳು ಸಾವಿರ ಬರುತ್ತದೆ. ನೂರು ರೂಪಾಯಿಯ ಪುಸ್ತಕ ಹಿಡಿದರೆ ಅರವತ್ತು ಪುಸ್ತಕ. ಹತ್ತು ವರ್ಷಕ್ಕೆ ಆರುನೂರು. ಶಾಲು, ಹಾರ, ಫಲಕಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಹೈಸ್ಕೂಲಿನ ಓದು ನಡೆಯುತ್ತದೆ.

ಅದಕ್ಕಾಗಿ ಮೂರು ಬೇಡಿಕೆ ಇಟ್ಟು ಮುಗಿಸುತ್ತೇನೆ. ದತ್ತಿ ಇಟ್ಟವರೇ, ಮುಂದಿನ ವರ್ಷದ ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನು, ನನಗೆ ಇವತ್ತು ಕೊಡುವುದನ್ನೂ ಸೇರಿಸಿ, ಹೈಸ್ಕೂಲಿನ ಪುಸ್ತಕಕ್ಕೆ ಕೊಡಿ. ಆಡಳಿತ ಮಂಡಳಿಯವರೇ, ಪುಸ್ತಕ ಕಳೆದರೆ ಮಾಸ್ತರರು ಹೊಣೆಯಲ್ಲವೆಂಬ ಠರಾವನ್ನು ಬರುವ ಸಭೆಯಲ್ಲಿ ಮಾಡಿ. ಮುಖ್ಯಾಧ್ಯಾಪಕರೇ, ಸೋಮವಾರ ಮಧ್ಯಾಹ್ನದ ಸುಟ್ಟಿಯಲ್ಲಿ ಕಪಾಟಿನ ಕೀಲಿಯನ್ನು ಒಂಬತ್ತನೆಯ ಇಯತ್ತೆಯ ಮಕ್ಕಳ ಕೈಗೆ ಕೊಡಿ.